ಬಾಯಿ ಕಂಡರೆ ಗವಿಯೆ?

ಹೈದರಾಬಾದಿನ ಗಚ್ಚಿಬೌಲಿಯ ಕನ್ನಡದವರಲ್ಲಿ ಬಂಡೆ ಹತ್ತುವ, ಬಿಲ ಹೊಗುವ ಹುಚ್ಚಿನವರು ಕೆಲವರಿದ್ದಾರೆ. ಭಾನುವಾರ ಬೆಳಗ್ಗೆ ಖಾಜಾಗುಡ ಗುಡ್ಡ, ಸಾಲು ರಜೆ ಸಿಕ್ಕರೆ ಬೇಲಂ ಗವಿ. ಆ ಗುಂಪಿನ ಇಬ್ಬರ ನಡುವೆ ನಡೆದ ಮಾತಿದು. ಒಬ್ಬರು ಬೀದರಿನವರು. ಅಂತರ್ಜಲದ ಸರ್ಕಾರಿ ಕೆಲಸದಲ್ಲಿ ಇಡೀ ನೌಕರಿ ಮುಗಿಸಿ ಈಗ ಮಗನ ಮನೆಯಲ್ಲಿದ್ದಾರೆ. ಇನ್ನೊಬ್ಬಳು ಕಾಸರಗೋಡಿನ ಪೆರ್ಲದ ಕಡೆಯವಳು. ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡುವುದು ಅವಳ ಕೆಲಸ. ಮಂಗಳ ಗ್ರಹದಲ್ಲಿ ಗವಿಗಳಿರಬಹುದು ಎಂಬ ವಿಷಯ ಬಂದರೆ ಹಿರಿಯರು ಮೂಗು ಮುರಿಯುತ್ತಾರೆ, ಹುಡುಗಿ ಕುಣಿಯುತ್ತಾಳೆ ಎಂದು ನಾವೆಲ್ಲ ಲೆಕ್ಕ ಹಾಕಿದ್ದೆವು. ಆದದ್ದು ತಿರುವುಮುರುವು. ಆದಷ್ಟೂ ಅವರವರ ಮಾತಿನ ಧಾಟಿಯಲ್ಲೇ ಬರೆದಿದ್ದೇನೆ.

ಬೀದರಿನವರು: ಆರ್ಸಿಯಾ ಮಾನ್ಸ್ ಅಂತ ಒಂದು ಜ್ವಾಲಾಮುಖಿ ಅದ ನೋಡು ತಂಗಿ, ಮಂಗಳದ ಮ್ಯಾಲ. ಅದರ ಮೈಮ್ಯಾಲ ಏಳು ತೂತು. 2007ರಾಗ ಅಮೆರಿಕದ ಭೂಗರ್ಭ ಸರ್ವೆಯ ಗ್ಲೆನ್ ಕುಶಿಂಗ್ ಮತ್ತ ಅವನ ಜೋಡಿ ಕೆಲಸ ಮಾಡೋರು ಹುಡುಕಿ ತೆಗೆದರು. ಒಂದೊಂದು 100 ಮೀಟರ್‌ದಿಂದ 250 ಮೀಟರ್ ತನಕ ಅಗಲ. ಎಲ್ಲಾದಕ್ಕೂ ಹೆಣ್ಣುಮಕ್ಕಳ ಹೆಸರಿಟ್ಟಾರ. ಡೀನಾ, ಕ್ಲೋಯಿ, ವೆಂಡಿ, ಆ್ಯನಿ, ಆ್ಯಬಿ, ನಿಕ್ಕಿ, ಜೀನ್. ಏಳು ಮಂದಿ ಅಕ್ಕತಂಗೇರು! ನಮ್ಮ ಕಡೆ ಊರ ಹೊರಗ ಏಳು ಕಲ್ಲು ಇಟ್ಟು ಕುಂಕುಮ ಹಚ್ತಾರಲ್ಲ, ಹಂಗ.

ಪೆರ್ಲದವಳು: ಕುಂಕುಮ ಹಚ್ಚುವ ಮೊದಲು ಒಳಗೆ ಎಂತ ಉಂಟು ಅಂತ ನೋಡಬೇಕಲ್ಲ ಕಾಕಾ. ಮಾರ್ಸ್ ಒಡಿಸ್ಸಿ ನೌಕೆಯ ಆ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 18 ಮೀಟರ್. ಶಾಖದ ಚಿತ್ರವಾದರೆ 100 ಮೀಟರ್. ಹತ್ತು ಕಪ್ಪು ಚೌಕ ನೋಡಿ ನಾನು ಗವಿ ಅಂತ ಗುರುತು ಹಾಕಿದರೆ ನಮ್ಮ ಆಫೀಸಿನಲ್ಲಿ ವಾಪಸ್ ಕಳಿಸ್ತಾರೆ. ನೆರಳು ಅಂತ ಬರಿ ಅಂತಾರೆ.

ಬೀದರಿನವರು: ನೆರಳಿಗೆ ರಾತ್ರಿ ಏನು ಕೆಲಸ? ಅವರು ರಾತ್ರಿನೂ ನೋಡ್ಯಾರ. ಹಗಲು ಸುತ್ತಲಿನ ನೆಲ ಕಾಯ್ತದ, ತೂತು ತಂಪಿರ್ತದ. ರಾತ್ರಿ ನೆಲ ಥಂಡಿ ಆಗ್ತದ, ತೂತು ಬೆಚ್ಚಗಿರ್ತದ. ಹೊರಗಿನ ನೆಲದಾಗ ಹಗಲು ರಾತ್ರಿಗೆ ಎಷ್ಟು ಫರಕು ಬೀಳ್ತದೋ ತೂತಿನೊಳಗ ಅದರ ಮೂರನೇ ಒಂದು ಪಾಲು ಅಷ್ಟೇ. ಇದು ಗವಿಯ ಗುಣ ಹೌದಲ್ಲೋ? ಬ್ಯಾಸಗಿಯಾಗ ಬೀದರ ಕೋಟಿಯ ನೆಲಮನಿಗೆ ಇಳಿದು ನೋಡು, ಗೊತ್ತಾಗ್ತದ.

ಪೆರ್ಲದವಳು: ಆಳ ಉಂಟು ಅಂತ ಒಪ್ಪಿದೆ. ಆಳ ಇದ್ದದ್ದೆಲ್ಲ ಗವಿ ಆಗುವುದಿಲ್ಲ. ನಿಮ್ಮ ಏಳು ಮಂದಿಯಲ್ಲಿ ಕಿರಿಯವಳು ಜೀನ್, ಅವಳ ಕಥೆ ಹೇಳಿ ನೋಡುವ. ಅದೇ 2007ರಲ್ಲಿ ಮಂಗಳ ಸುತ್ತುವ ಇನ್ನೊಂದು ನೌಕೆಯ ಹೈರೈಸ್ ಕ್ಯಾಮೆರಾ ಮೊದಲ ಸಲ ನೋಡಿದಾಗ ಬರೀ ಕಪ್ಪು, ಗೋಡೆಯೂ ಇಲ್ಲ, ತಳವೂ ಇಲ್ಲ. ಎಲ್ಲರೂ ಕುಣಿದರು, ಕೆಳಗೆ ದೊಡ್ಡ ಹಜಾರ ಉಂಟು ಅಂತ. ಕೆಲವು ತಿಂಗಳ ಮೇಲೆ ಬೇರೆ ಕೋನದಿಂದ ತೆಗೆದರು. ಒಂದು ಬದಿಯ ಗೋಡೆಗೆ ಬಿಸಿಲು ಬಿದ್ದಿತ್ತು. ನೇರ ಗೋಡೆ, ಕನಿಷ್ಠ 178 ಮೀಟರ್ ಆಳ. ಅಂದರೆ ಬಾವಿ! ಬಾವಿಯ ಒಳಗೆ ಅಡ್ಡಕ್ಕೆ ಹೋಗಲು ದಾರಿ ಉಂಟಾ ಅಂತ ಯಾರಿಗೂ ಗೊತ್ತಿಲ್ಲ.

ಬೀದರಿನವರು: ಜೀನ್ ಬಾವಿ ಆದ್ರ ಆಗಲಿ. ಪಾವೊನಿಸ್ ಮಾನ್ಸ್ ಮ್ಯಾಲ ಇನ್ನೊಂದು ಅದ, ಅದರ ಚಿತ್ರ ನೀನೇ ನನಗ ತೋರಿಸಿದಿ. ಲಾಳಿಕಿ ಹಂಗ ಜಾರಿದ ಮಣ್ಣು, ನಡುವ 35 ಮೀಟರ್ ಅಗಲದ ತೂತು, ತೂತಿನ ಕೆಳಗ ಮಣ್ಣಿನ ಗುಡ್ಡಿ ಕಾಣ್ತದ. ಆ ಗುಡ್ಡಿ ತೂತಿಗಿಂತ ದೊಡ್ಡದು ಅದ. ಮ್ಯಾಲಿಂದ ಬಿದ್ದ ಮಣ್ಣು ಹರವಿಕೊಳ್ಳಾಕ ಒಳಗ ಜಾಗ ಅದ ಅಂತಾಯ್ತಲ್ಲ. ಇನ್ನೊಂದು ಮಾತು. 2010ರಾಗ ಕ್ಯಾಲಿಫೋರ್ನಿಯಾದ ಒಂದು ಸಾಲಿಯ ಏಳನೇತ್ತೆ ಹುಡುಗರು ಅದೇ ಪಾವೊನಿಸ್ ಮ್ಯಾಲ ಒಂದು ತೂತು ಹುಡುಕಿ ಕೊಟ್ಟರು. ಹುಡುಗರಿಗೆ ಕಂಡದ್ದು ನಿನಗ ಕಾಣವಲ್ದು.

ಪೆರ್ಲದವಳು: ನನಗೂ ಕಾಣ್ತದೆ ಕಾಕಾ. ಬಾಯಿ ಕಾಣ್ತದೆ. ಬಾಯಿ ಕಂಡಷ್ಟಕ್ಕೆ ಗವಿ ಅನ್ನಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ. ಗವಿ ಅಂದರೆ ಮನುಷ್ಯ ಒಳಗೆ ಹೋಗಬೇಕು, ಹೊರಗಿನ ಬೆಳಕು ತೀರಿಹೋಗಬೇಕು, ಅಲ್ಲಿಂದ ಮುಂದೆ ಇನ್ನೂ ಉಂಟು ಅಂತ ಕೈಗೆ ತಾಗಬೇಕು. ಪ್ರಪಂಚದಲ್ಲಿ ಗವಿ ಅಳೆಯುವವರೆಲ್ಲ ಹೆಚ್ಚುಕಡಿಮೆ ಹೀಗೇ ಹೇಳುವುದು. ಮನುಷ್ಯ ನುಗ್ಗುವಷ್ಟಾದರೂ ದೊಡ್ಡದಿರಬೇಕು ಅಂತ.

ಬೀದರಿನವರು: ಹಂಗಾದ್ರ ಮನುಷ್ಯ ಹುಟ್ಟೋಕಿಂತ ಮೊದಲು ಭೂಮಿಯೊಳಗ ಗವಿನೇ ಇರಲಿಲ್ಲೇನು? ಬಾವಲಿ ಎಲ್ಲಿ ಮಲಗ್ತಿತ್ತು?

(ಇಲ್ಲಿ ಎಲ್ಲರೂ ನಕ್ಕರು. ಆದರೆ ಹುಡುಗಿ ಹೇಳಿದ್ದು ತಮಾಷೆಯ ಮಾತಲ್ಲ. ಗವಿ ಎಂಬುದು ನೆಲಕ್ಕೆ ಸೇರಿದ್ದೋ ಹೊಕ್ಕವರಿಗೆ ಸೇರಿದ್ದೋ ಎನ್ನುವುದೇ ಇವರ ಜಗಳದ ಬೇರು ಎಂದು ನನಗನ್ನಿಸುತ್ತದೆ.)

ಬೀದರಿನವರು: ನೌಬಾದಿನ ಕಾರೇಜ್ ನೋಡೀಯೇನು ನೀ? ಬೀದರದ ಬಾಜೂಕ ಅದ, ಬಹಮನಿ ಸುಲ್ತಾನರ ಕಾಲದ್ದು. ನೆಲದ ಕೆಳಗ ಮೂರು ಕಿಲೋಮೀಟರ್ ಮೀರಿ ನೀರಿನ ಸುರಂಗ. ಮ್ಯಾಲ ಸಾಲಾಗಿ ಗಾಳಿಬಾವಿಗಳು, 21 ಅಂತಾರ. ವರ್ಷಾನುಗಟ್ಟಲೆ ಮಂದಿ ಅವನ್ನ ಹಾಳು ಬಾವಿ ಅಂತ ತಿಳಿದು ಕಸ ಚೆಲ್ಯಾರ. ಒಂದೇ ಸಾಲಿನಾಗ ಯಾಕ ಬಾವಿ ಅವ ಅಂತ ಒಬ್ಬನು ವಿಚಾರ ಮಾಡಿದರ ಸಾಕು, ಕೆಳಗಿನ ಸುರಂಗ ಗೊತ್ತಾಗ್ತದ. ಮಂಗಳದ ಮ್ಯಾಲೂ ಹಂಗ, ಗುಂಡಿಗಳು ಸಾಲಿಗೆ ಅವ. ಕೆಳಗ ಲಾವಾ ಹರಿದ ನಳಿಗೆ ಅದ. ಮ್ಯಾಲಿನ ಲಾವಾ ಆರಿ ಚಾವಣಿ ಆಗ್ಯದ, ಒಳಗಿನದ್ದು ಹರಿದು ಹೋಗ್ಯದ, ಆಮ್ಯಾಲ ಅಲ್ಲಲ್ಲಿ ಚಾವಣಿ ಕುಸದದ.

ಪೆರ್ಲದವಳು: ಇದು ಒಳ್ಳೆಯ ವಾದ, ಒಪ್ಪಬೇಕಾದ್ದೇ. ಆದರೆ ನೆಲ ಬಿರಿದರೂ ಗುಂಡಿಗಳು ಸಾಲಿಗೇ ಬೀಳ್ತವೆ. ಮಂಗಳದಲ್ಲಿ ಭೂಭಾಗ ಎರಡು ಕಡೆಗೆ ಜಗ್ಗಿ ಸೀಳು ಬಿಟ್ಟಲ್ಲಿ ಮೇಲಿನ ಸಡಿಲ ಮಣ್ಣು ಒಳಗೆ ಇಳಿದು ಗುಂಡಿಯ ಸರಪಣಿ ಆದ ಜಾಗ ಬೇಕಾದಷ್ಟು ಉಂಟು. ಅಲ್ಲಿ ಲಾವಾ ನಳಿಗೆಯೂ ಇಲ್ಲ, ಎಂತದೂ ಇಲ್ಲ. ಮೇಲಿನಿಂದ ನೋಡಿದರೆ ಎರಡೂ ಒಂದೇ ತರ. ನಿಮ್ಮ ಕಾರೇಜು ಕಾರೇಜೇ ಅಂತ ಗಟ್ಟಿ ಆದದ್ದು ಯಾವಾಗ? ಹೂಳು ತೆಗೆದು ಜನ ಒಳಗೆ ಇಳಿದ ಮೇಲೆ.

ಬೀದರಿನವರು: ಇಳಿದದ್ದು ಹೌದು. ಇಳೀಬೇಕು ಅನ್ನೋದು ತಲ್ಯಾಗ ಬಂದದ್ದು ಮ್ಯಾಲಿನ ಸಾಲು ನೋಡಿ.

ಪೆರ್ಲದವಳು: ನಮ್ಮ ಊರಲ್ಲಿ ಇದು ಉಲ್ಟಾ. ಸುರಂಗಕ್ಕೆ ಮೇಲಿನ ಗುರುತೇ ಇರುವುದಿಲ್ಲ. ಗುಡ್ಡದ ಬುಡದಲ್ಲಿ ಒಂದು ಬಾಯಿ, ಒಬ್ಬ ಹೋಗುವಷ್ಟು ಅಗಲ, ನಿಲ್ಲುವಷ್ಟು ಎತ್ತರ. ಮುರಕಲ್ಲು ಕೊರೆದು ಅಡ್ಡಕ್ಕೆ ಹೋಗುವುದು, ನೀರಿನ ಒರತೆ ಸಿಗುವ ತನಕ. ಕೆಲವು ಹತ್ತು ಹದಿನೈದು ಮೀಟರಿಗೆ ಮುಗೀತದೆ, ಕೆಲವು ಇನ್ನೂರು ಮುನ್ನೂರು ಮೀಟರ್ ಹೋಗಿದ್ದೂ ಉಂಟು. ತೆಗೆಯುವವರು ಒಳಗೆ ಮೇಣದ ಬತ್ತಿ ಹಚ್ಚಿಟ್ಟುಕೊಳ್ಳುತ್ತಿದ್ದರು. ಬತ್ತಿ ಮಂಕಾದರೆ ಗಾಳಿ ಕಡಿಮೆ, ಹಿಂದೆ ಬರಬೇಕು. ನೀರು ಎಷ್ಟು ದೂರ ಉಂಟು ಅಂತ ಮಣ್ಣಿನ ತೇವ ಮುಟ್ಟಿ ಹೇಳುವವರಿದ್ದರು. ಸಣ್ಣದಿರುವಾಗ ಅಜ್ಜನ ತೋಟದ ಸುರಂಗಕ್ಕೆ ಹೋಗಿ ಬೈಸಿಕೊಂಡವಳು ನಾನು. ಆ ತೋಟದ ಉಪಗ್ರಹ ಚಿತ್ರ ಈಗ ನನ್ನ ಕಂಪ್ಯೂಟರಿನಲ್ಲಿ ಉಂಟು. ಅಡಿಕೆ ಮರ ಒಂದೊಂದೂ ಎಣಿಸಬಹುದು. ಸುರಂಗ ಇಲ್ಲ.

ಬೀದರಿನವರು: ನಮ್ಮ ಝರಣಿ ನರಸಿಂಹನೂ ಹಂಗ. ಮ್ಯಾಲಿಂದ ಗುಡ್ಡ ಕಾಣ್ತದ, ಗುಡಿ ಕಾಣ್ತದ. ಒಳಗ ಸುಮಾರು 300 ಮೀಟರ್ ಎದಿಮಟ್ಟದ ನೀರಾಗ ಹೋಗಬೇಕು. ತಲಿ ಮ್ಯಾಲ ಬಾವಲಿ, ಕೂಸುಗಳನ್ನ ಹೆಗಲ ಮ್ಯಾಲ ಕೂಡಿಸಿಕೊಂಡು ಹೋಗ್ತಾರ. ಹೈದರಾಬಾದಿನ ಮಂದಿನೂ ಬರ್ತಾರ. ನಾ ಇಲ್ಲಂತ ಅಂದಿಲ್ಲ ತಂಗಿ. ಹೊಕ್ಕವನಿಗೇ ಗವಿ ಗೊತ್ತು. ಆದ್ರ ಹೊಗದಿದ್ದವನು ಸುಮ್ಮ ಕೂಡಬೇಕೇನು?

ಪೆರ್ಲದವಳು: ಸುಮ್ಮನೆ ಕೂರಿ ಅಂತ ನಾನೂ ಹೇಳಲಿಲ್ಲ. ನನ್ನ ಸಂಕಟ ಬೇರೆ. ಸೋಮವಾರದಿಂದ ಶುಕ್ರವಾರ ನಾನು ಮೇಲಿನಿಂದ ನೋಡ್ತೇನೆ. ಭೂಮಿಯಲ್ಲಿ ಉಪಗ್ರಹಕ್ಕೆ ಸಿಗದೆ ಉಳಿದ ಜಾಗ ಅಂದರೆ ಕಡಲಿನ ತಳ ಮತ್ತೆ ಗವಿ. ಶನಿವಾರ ಬೇಲಂನಲ್ಲಿ ಕೆಸರಿನಲ್ಲಿ ಹೊಟ್ಟೆ ಎಳೆದುಕೊಂಡು ಹೋಗುವಾಗ ಸಿಗುವ ಖುಷಿ ಅದೇ, ಇಲ್ಲಿ ನನ್ನ ಕಂಪನಿಗೆ ನಾನು ಕಾಣುವುದಿಲ್ಲ ಅಂತ. ಮಂಗಳದ ಗವಿ ಅಂದರೆ ನೀವು ನನ್ನ ಶನಿವಾರವನ್ನೂ ಸೋಮವಾರ ಮಾಡಿದ ಹಾಗೆ. ಅಲ್ಲಿ ಇರುವುದು ಉಪಗ್ರಹ ಮಾತ್ರ.

ಬೀದರಿನವರು: ಬೇಲಂ ಅಂದಿ, ಅದನ್ನೇ ತಗೋ. 1884ರಾಗ ರಾಬರ್ಟ್ ಬ್ರೂಸ್ ಫೂಟ್ ಅದರ ಬಾಯಿ ನೋಡಿ ಬರೆದಿಟ್ಟ. ಅದೇ ಫೂಟ್, ನಮ್ಮ ಬಳ್ಳಾರಿಯ ಸಂಗನಕಲ್ಲಿನ ಹಳೇ ಕಲ್ಲಿನ ಕೊಡಲಿ ಜಗತ್ತಿಗೆ ತೋರಿಸಿದಾಂವ. ಅದೇ ವರ್ಷ ಕರ್ನೂಲಿನ ಬಿಲ್ಲಸುರ್ಗಂ ಗವಿಯೊಳಗ ಅಗದು ಎಲುಬು ತೆಗೆಸಿದಾಂವ. ಬೇಲಂ ಬಗ್ಗೆ ಬರೆದ ಮ್ಯಾಲ ಏನಾಯ್ತು? ಏನೂ ಆಗಲಿಲ್ಲ. ಪೂರಾ 98 ವರ್ಷ! 1982ರಾಗ ಡ್ಯಾನಿಯಲ್ ಗೆಬಾವರ್ ಅನ್ನೋ ಜರ್ಮನ್ ಮನುಷ್ಯ ತನ್ನ ಜೋಡಿಯವರನ್ನ ಕರಕೊಂಡು ಬಂದು ಅಳತಿ ಹಾಕಿದ. 3,229 ಮೀಟರ್ ಆಯ್ತು. ಬಯಲುಸೀಮ್ಯಾಗ ಇಷ್ಟು ಉದ್ದದ್ದು ಈ ದೇಶದಾಗ ಇನ್ನೊಂದಿಲ್ಲ. ಫೂಟ್ ಬಾಯಿ ಬರೆದಿರಲಿಲ್ಲಂದ್ರ ಗೆಬಾವರ್ ಎಲ್ಲಿ ಹುಡುಕ್ತಿದ್ದ? ಆರ್ಸಿಯಾದ ತೂತು ಕಂಡು ಇನ್ನೂ 20 ವರ್ಷ ಆಗಿಲ್ಲ. ನಿನಗ ಯಾಕ ಇಷ್ಟು ಅವಸರ?

ಪೆರ್ಲದವಳು: ಆ 98 ವರ್ಷದಲ್ಲಿ ಬೇಲಂ ಎಂತ ಆಗಿತ್ತು ಹೇಳಿ. ಸುತ್ತಲಿನವರು ಕಸ ಹಾಕುವ ಗುಂಡಿ ಆಗಿತ್ತು.

ಬೀದರಿನವರು: ಆಗಿತ್ತು. ಖರೇ.

ಪೆರ್ಲದವಳು: ಅದನ್ನು ಬರೆದ ಕಾಗದ ತಪ್ಪಿಸಲಿಲ್ಲ. ಊರಿನ ಕೆಲವರು, ಒಬ್ಬ ಪೊಲೀಸ್ ಅಧಿಕಾರಿ ಹಿಂದೆ ಬಿದ್ದು ಉಳಿಸಿದರು. ಆಮೇಲೆ 2002ರಲ್ಲಿ ಪ್ರವಾಸಿಗಳಿಗೆ ತೆರೆದರು. ದಾರಿ ಹಾಕಿದರು, ದೀಪ ಹಾಕಿದರು, ಗಾಳಿ ತುಂಬುವ ಯಂತ್ರ ಹಾಕಿದರು. ಹೋಗುವವರಿಗೆ ಸಲೀಸು, ನಾನೂ ಮೊದಲ ಸಲ ಹಾಗೇ ಹೋದವಳು. ಆದರೆ ಗವಿಯಲ್ಲಿ ದೀಪ ಉರಿದಲ್ಲಿ ಪಾಚಿ ಹಿಡೀತದೆ ಅಂತ ಪ್ರಪಂಚದ ಎಲ್ಲ ಗವಿಯವರಿಗೂ ಗೊತ್ತುಂಟು. ಬಾಯಿ ಪಟ್ಟಿಗೆ ಹತ್ತಿತು ಅಂದರೆ ಒಂದು ದಿನ ಟಿಕೆಟ್ ಕೌಂಟರ್ ಬರ್ತದೆ.

ಬೀದರಿನವರು: ಮಂಗಳದಾಗ ಟಿಕೆಟ್ ಕೌಂಟರ್ ಯಾರು ಇಡ್ತಾರ ಬೇಟಾ!

ಪೆರ್ಲದವಳು: ಇಡುವವರು ಈಗಲೇ ಮಾತಾಡ್ತಿದ್ದಾರೆ. ಮನುಷ್ಯ ಅಲ್ಲಿ ಉಳಿಯುವುದಾದರೆ ಗವಿಯಲ್ಲೇ ಅಂತಾರೆ. ಕಾರಣ ಗಟ್ಟಿಯಾದ್ದೇ. ಕ್ಯೂರಿಯಾಸಿಟಿ ರೋವರ್ ಅಳೆದ ಪ್ರಕಾರ ಮಂಗಳದ ನೆಲದ ಮೇಲೆ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ ವಿಕಿರಣ. ಇಲ್ಲಿ ನಮಗೆ ಪ್ರಕೃತಿಯಿಂದ ಇಡೀ ವರ್ಷಕ್ಕೆ ಸಿಗುವುದು ಸರಾಸರಿ 2.4. ನಾಲ್ಕು ದಿನಕ್ಕೆ ಒಂದು ವರ್ಷದ ಪಾಲು. ಮೇಲೆ ಹತ್ತಾರು ಮೀಟರ್ ಕಲ್ಲು ಇದ್ದರೆ ಅದು ತಡೀತದೆ. ಅಂದರೆ ಅವರಿಗೆ ಬೇಕಾದ್ದು ಗವಿ ಅಲ್ಲ, ಮಾಡು. ಗವಿಯ ಮೇಲೆ ಪ್ರೀತಿ ಇದ್ದವರಿಗೂ ಬಾಡಿಗೆ ಮನೆ ಹುಡುಕುವವರಿಗೂ ವ್ಯತ್ಯಾಸ ಇಲ್ಲವಾ?

ಬೀದರಿನವರು: ಋಷಿಗಳು ಗವಿ ಹೊಕ್ಕದ್ದೂ ಮೊದಲು ಮಳಿ ಬಿಸಿಲಿಗೇ ಇರಬೇಕು. ಧ್ಯಾನ ಆಮ್ಯಾಲ. ಈ ಖಾಜಾಗುಡದ ಬಂಡಿ ಸಂದಿಯೊಳಗ ಮೆಹೆರ್ ಬಾಬಾ ಕುಂತಿದ್ದರು, ಫಕ್ರುದ್ದೀನ್ ಬಾಬಾನ ದರ್ಗಾ ಅದ, ಅನಂತಪದ್ಮನಾಭನ ಗುಡಿ ಅದ. ಯಾರೂ ಬಿಸಿಲಾಗ ಕುಂತಿಲ್ಲ.

(ಖಾಜಾಗುಡದ ಗವಿಗಳನ್ನು ಗವಿ ಎನ್ನಬಹುದೇ ಎಂಬುದೂ ಒಂದು ಜಗಳವೇ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ಬಿರಿದು, ಗಾಳಿ ಮಳೆಗೆ ಮೂಲೆ ಸವೆದು, ಒಂದರ ಮೇಲೊಂದು ಕೂತ ಬಂಡೆಗಳ ನಡುವಿನ ಸಂದುಗಳಿವು. ಬೇಲಂನಂತೆ ನೀರು ಸುಣ್ಣದ ಕಲ್ಲನ್ನು ಕರಗಿಸಿ ಮಾಡಿದ್ದಲ್ಲ, ಲಾವಾ ಹರಿದು ಬಿಟ್ಟ ಕೊಳವೆಯೂ ಅಲ್ಲ. ನಾವು ಮಾತ್ರ ಗವಿ ಎಂದೇ ಕರೆಯುತ್ತೇವೆ, ಹೊಕ್ಕರೆ ಮೊಣಕೈ ತರಚುತ್ತದೆ, ಅಷ್ಟು ಸಾಕು.)

ಬೀದರಿನವರು: ಮಂಗಳ ಬ್ಯಾಡ, ಚಂದ್ರನ ಮಾತು ಆಡೋಣು. ಅದು ನಮ್ಮ ಮನಿ ಮಾತು. ಚಂದ್ರಯಾನ-1 ಹಾರಿದ್ದು 2008ರ ಅಕ್ಟೋಬರ್ 22ಕ್ಕ. ಅದರ ಕ್ಯಾಮೆರಾ ಒಂದು ಪಿಕ್ಸೆಲ್‌ಗ 5 ಮೀಟರ್. ಅದರ ಚಿತ್ರ ಇಟಗೊಂಡು ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರಿನವರು ಒಂದು ಲಾವಾ ನಳಿಗೆ ಹುಡುಕಿದರು. ಚಾವಣಿ ಕುಸೀದೇ ಉಳಿದ ಭಾಗನೇ 1.7 ಕಿಲೋಮೀಟರ್. 2011ರಾಗ ಬೆಂಗಳೂರಿನ ‘ಕರೆಂಟ್ ಸೈನ್ಸ್’ದಾಗ ಅಚ್ಚಾಯ್ತು. ಮನುಷ್ಯ ಇರಾಕ ಛಲೋ ಜಾಗ ಅಂತ ಬರೆದಾರ.

ಪೆರ್ಲದವಳು: ಅದಕ್ಕೆ ಬಾಯಿಯೂ ಇಲ್ಲ ಕಾಕಾ. ಎರಡು ಕಡೆ ಕುಸಿದ ಕಾಲುವೆ, ನಡುವೆ ಕುಸಿಯದ ನೆಲ. ನಡುವೆ ಕೆಳಗೆ ಟೊಳ್ಳು ಇರಬೇಕು ಅಂತ ಊಹೆ. ಜಪಾನಿನ ಕಗುಯಾ ನೌಕೆಯವರು 2009ರಲ್ಲಿ ಮಾರಿಯಸ್ ಗುಡ್ಡದಲ್ಲಿ ತೋರಿಸಿದ ಗುಂಡಿ ಆದರೂ ಕಣ್ಣಿಗೆ ಕಾಣ್ತದೆ.

ಬೀದರಿನವರು: ಊಹಾ ಇರಲಿ. 2024ರದ್ದು ಏನಂತಿ? ಅಪೊಲೊ 11 ಇಳೀತಲ್ಲ, ಪ್ರಶಾಂತ ಸಾಗರ, ಅಲ್ಲಿಂದ 400 ಕಿಲೋಮೀಟರ್ ದೂರದ ಗುಂಡಿ. ಮ್ಯಾಲಿಂದ ರಡಾರ್ ಓರಿ ಮಾಡಿ ಹಾಯಿಸಿದರ, ಒಳಗ ಬದಿಗೆ ಹೋಗಿ ಬಡದು ವಾಪಸ್ ಬಂದದ. ಹತ್ತಾರು ಮೀಟರ್ ಉದ್ದದ ಸುರಂಗ ಅದ ಅಂತ ಇಟಲಿಯ ಮಂದಿ ಲೆಕ್ಕ ಹಾಕ್ಯಾರ. ಮಜಾ ಅಂದ್ರ, ಆ ರಡಾರಿನ ದಾಖಲಿ 2010ರದ್ದು! ಹದಿನಾಲ್ಕು ವರ್ಷ ಪೆಟ್ಟಿಗ್ಯಾಗ ಬಿದ್ದಿತ್ತು. ಹೊಸಾ ರೀತಿ ಓದಿದಾಗ ಗವಿ ಕಂಡದ. ಇದು ಒಳಗ ಹೋದಂಗ ಅಲ್ಲೇನು?

ಪೆರ್ಲದವಳು: (ಸ್ವಲ್ಪ ಹೊತ್ತು ಬಿಟ್ಟು) ಇದು ಒಪ್ಪಬೇಕಾದ್ದು. ಅಲೆ ಒಳಗೆ ಹೋಗಿ ಬಂದಿದೆ. ಆ ಗುಂಡಿಯ ನೆರಳಿನ ಭಾಗದಲ್ಲಿ ಸುಮಾರು 17 ಡಿಗ್ರಿ ಸ್ಥಿರವಾಗಿರ್ತದೆ ಅಂತ 2022ರಲ್ಲಿ ಓದಿದಾಗ ನನಗೂ ಒಂದು ಸಲ ಹೋಗಬೇಕು ಅನ್ನಿಸಿದ್ದು ಸುಳ್ಳಲ್ಲ. ಹೊರಗೆ ಹಗಲು 120 ಡಿಗ್ರಿ ಮೀರಿ ಕಾಯ್ತದೆ, ರಾತ್ರಿ ಮೈನಸ್ 170ಕ್ಕೆ ಇಳೀತದೆ. ಒಳಗೆ ಚಿಕ್ಕಮಗಳೂರಿನ ಡಿಸೆಂಬರ್.

ಬೀದರಿನವರು: ಬಂದಿ ನೋಡು ದಾರಿಗೆ.

ಪೆರ್ಲದವಳು: ಚಂದ್ರನ ದಾರಿಗೆ ಬಂದೆ. ಮಂಗಳದ್ದು ಬೇರೆ. ಆರ್ಸಿಯಾ ಎಷ್ಟು ಎತ್ತರ ಉಂಟು ಗೊತ್ತುಂಟಲ್ಲ, ಎವರೆಸ್ಟಿನ ಎರಡು ಪಟ್ಟು. ಮಂಗಳದಲ್ಲಿ ಗಾಳಿ ಮೊದಲೇ ಇಲ್ಲಿನ ನೂರರಲ್ಲಿ ಒಂದು ಪಾಲಿಗೂ ಕಡಿಮೆ, ಆ ಎತ್ತರದಲ್ಲಿ ಇನ್ನೂ ತೆಳು. ಪ್ಯಾರಾಚೂಟ್ ಹಿಡಿಯುವುದಿಲ್ಲ. ಇಂಜೆನ್ಯೂಯಿಟಿ ಹೆಲಿಕಾಪ್ಟರ್ 72 ಸಲ ಹಾರಿತು, ಅದು ಹಾರಿದ್ದು ತಗ್ಗಿನ ಜಾಗದಲ್ಲಿ. ಹೇಗೋ ಒಳಗೆ ಇಳಿಸಿದರೂ ರೇಡಿಯೊ ಕಲ್ಲಿನಲ್ಲಿ ಸತ್ತುಹೋಗ್ತದೆ, ಬಿಸಿಲಿಲ್ಲದೆ ಸೌರಫಲಕ ಕೆಲಸ ಮಾಡುವುದಿಲ್ಲ. ನಮ್ಮ ಮಂಗಳಯಾನವೂ 2015ರ ಜನವರಿಯಲ್ಲಿ ಆರ್ಸಿಯಾದ ಚಿತ್ರ ತೆಗೆದಿತ್ತು. ಚೆಂದದ ಚಿತ್ರ. ಒಂದು ಪಿಕ್ಸೆಲ್ಲಿಗೆ ಅರ್ಧ ಕಿಲೋಮೀಟರ್ ಮೀರಿತ್ತು. ನಿಮ್ಮ ಏಳು ಅಕ್ಕತಂಗಿಯರಲ್ಲಿ ಒಬ್ಬಳೂ ಅದರಲ್ಲಿ ಸಿಗಲಿಕ್ಕೆ ಸಾಧ್ಯ ಇಲ್ಲ.

ಬೀದರಿನವರು: ಅಲ್ಲಮಪ್ರಭುವಿನ ಕಥಿ ಗೊತ್ತದಲ್ಲ? ತೋಟದಾಗ ಕುಂತು ಕಾಲುಗುರಿನಿಂದ ನೆಲ ಕೆರೀತಿದ್ದ. ಕಳಸ ಕಂಡಿತು. ನೆಲದ ಕೆಳಗ ಇಡೀ ಗುಡಿ, ಒಳಗ ಅನಿಮಿಷಯ್ಯ ಕೈಯಾಗ ಲಿಂಗ ಹಿಡಕೊಂಡು ಕುಂತಿದ್ದ. ಅಲ್ಲಮ ಏನು ಗುಡಿ ಪೂರಾ ಕಂಡ ಮ್ಯಾಲ ನಂಬಿದನೇನು? ಕಳಸದ ತುದಿ ಕಂಡಾಗ್ಲೇ ನಂಬಿದ. ಆಮ್ಯಾಲ ಅವನ ವಚನಕ್ಕೆಲ್ಲ ಗುಹೇಶ್ವರನೇ ಅಂಕಿತ.

ಪೆರ್ಲದವಳು: ಕಳಸ ಕಂಡ ಅಲ್ಲಮ ಪಟ್ಟಿ ಬರೆಯುತ್ತ ಕೂರಲಿಲ್ಲ ಕಾಕಾ. ಅಗೆಸಿದ, ಬಾಗಿಲು ಒದ್ದು ಒಳಗೆ ಹೋದ.

(ಈ ಮಾತಿಗೆ ಬೀದರಿನವರು ಉತ್ತರ ಕೊಡಲಿಲ್ಲ. ಚಹಾ ಹೇಳಿದರು.)

ಪೆರ್ಲದವಳು: ಒದ್ದು ಒಳಗೆ ಹೋಗಬಾರದ ಬಾಗಿಲೂ ಉಂಟು. ರುಮೇನಿಯಾದ ಮೊವಿಲೆ ಗವಿ 1986ರಲ್ಲಿ ಸಿಕ್ಕಿದ್ದು. ಐವತ್ತು ಲಕ್ಷ ವರ್ಷಕ್ಕೂ ಹೆಚ್ಚು ಹೊರಗಿನ ಸಂಪರ್ಕ ಇರಲಿಲ್ಲ. ಬಿಸಿಲಿಲ್ಲದೆ, ಗಂಧಕದ ರಾಸಾಯನಿಕದಲ್ಲೇ ಬದುಕುವ ಸೂಕ್ಷ್ಮಜೀವಿಗಳು, ಅವನ್ನು ತಿನ್ನುವ ಕಣ್ಣಿಲ್ಲದ ಹುಳುಗಳು. ಒಳಗೆ ಬಿಡುವುದು ಬೆರಳೆಣಿಕೆಯ ಜನರನ್ನು. ಮಂಗಳದಲ್ಲಿ ಜೀವ ಉಳಿದಿದ್ದರೆ ಹೀಗೆ ನೆಲದ ಒಳಗೇ ಉಳಿದಿರಬೇಕು. ನಾವು ಹೋದರೆ ಮೊದಲು ಹೋಗುವುದು ನಮ್ಮ ಮೈಯ ಕ್ರಿಮಿ. ಆಮೇಲೆ ಸಿಕ್ಕಿದ್ದು ಅಲ್ಲಿಯದಾ, ನಾವು ತಂದದ್ದಾ? ನೆಲ್ಲಿತೀರ್ಥದ ಗುಹೆಗೆ ಅಕ್ಟೋಬರಿನಿಂದ ಏಪ್ರಿಲ್ ತನಕ ಮಾತ್ರ ಬಿಡ್ತಾರೆ. ಉಳಿದ ತಿಂಗಳು ದೇವರುಗಳು ಪೂಜೆ ಮಾಡ್ತಾರೆ, ಮನುಷ್ಯರು ಹೋಗಬಾರದು ಅಂತ. ಕಾರಣ ಎಂತದೇ ಇರಲಿ, ಅರ್ಧ ವರ್ಷ ಗವಿ ಗವಿಯ ಪಾಡಿಗೆ ಇರ್ತದೆ. ಇಂಥ ಬುದ್ಧಿ ಮಂಗಳಕ್ಕೆ ಹೋಗುವವರಿಗೆ ಬರಬೇಕು.

ಬೀದರಿನವರು: ಬಂದದ. ಬಾಹ್ಯಾಕಾಶದ ಅಂತರರಾಷ್ಟ್ರೀಯ ನಿಯಮದಾಗ ಅಂಥಾ ಜಾಗಕ್ಕ ಬ್ಯಾರೇನೇ ಕಟ್ಟು ಅದ. ಮತ್ತ ಹೋಗೋರಿಗೆ ತಾಲೀಮು ಕೊಡೋರು ಯಾರು? ನಿಮ್ಮಂಥ ಗವಿ ಮಂದಿನೇ. ಯುರೋಪಿನವರು 2011ರಿಂದ ಸಾರ್ಡೀನಿಯಾದ ಗವಿಯೊಳಗ ಗಗನಯಾತ್ರಿಗಳನ್ನ ಇಳಿಸಿ ದಿನಗಟ್ಟಲೆ ಅಲ್ಲೇ ಇಟ್ಟು ನಕ್ಷಾ ಹಾಕಸ್ತಾರ. ಕತ್ತಲಿ, ಥಂಡಿ, ದಿನ ರಾತ್ರಿ ಗೊತ್ತಾಗಂಗಿಲ್ಲ, ಜೋಡಿಯವನ ಮ್ಯಾಲ ನಂಬಿಗಿ ಇಡಬೇಕು. ರಾಕೆಟ್ ಮಂದಿ ಗವಿ ಮಂದಿ ಹತ್ರ ಕಲೀಲಿಕ್ಕ ಬಂದಾರಂದ್ರ ನಿನಗ ಹೆಮ್ಮಿ ಆಗಬೇಕು.

ಪೆರ್ಲದವಳು: ಹೆಮ್ಮೆ ಉಂಟು. ಆದರೆ ಹತ್ತಿರದ್ದು ಬಿಟ್ಟು ದೂರದ್ದಕ್ಕೆ ಹೆಮ್ಮೆ ಪಡುವಾಗ ಸ್ವಲ್ಪ ನಾಚಿಕೆಯೂ ಆಗ್ತದೆ. ಮೇಘಾಲಯದ ಮಾವ್ಮ್ಲುಹ್ ಗವಿಯ ಒಂದು ಸುಣ್ಣದ ಕಂಬ ಕೊಯ್ದು ಓದಿ, 4,200 ವರ್ಷದ ಹಿಂದಿನ ದೊಡ್ಡ ಬರಗಾಲ ಕಂಡುಹಿಡಿದರು. 2018ರಲ್ಲಿ ಭೂಮಿಯ ಚರಿತ್ರೆಯ ಈಗಿನ ಕಾಲಘಟ್ಟಕ್ಕೇ ಮೇಘಾಲಯನ್ ಅಂತ ಹೆಸರು ಬಂತು. ಕ್ರೆಮ್ ಪುರಿ, ಮರಳುಗಲ್ಲಿನ ಗವಿಗಳಲ್ಲಿ ಪ್ರಪಂಚಕ್ಕೇ ಉದ್ದದ್ದು, 24 ಕಿಲೋಮೀಟರ್ ಮೀರಿದ್ದು, ಅದರ ಅಳತೆ ಆದದ್ದೂ 2018ರಲ್ಲೇ. ಯಾವ ಉಪಗ್ರಹಕ್ಕೂ ಸಿಗದ್ದು. ಕ್ಯಾಮೆರಾ ಅಲ್ಲ, ಮನುಷ್ಯರ ಮೊಣಕಾಲು ಅಳೆದದ್ದು. ಇಲ್ಲೇ ನೋಡಿ, ಕಂಚ ಗಚ್ಚಿಬೌಲಿಯಲ್ಲಿ ಎಂತ ಆಯಿತು.

ಬೀದರಿನವರು: 2025ರದ್ದು ಹೇಳು. ಅದರಾಗ ನನ್ನ ಮಾತೇ ಗೆದ್ದದ. ಯೂನಿವರ್ಸಿಟಿಯ ಬಾಜೂಕ 400 ಎಕರೆ, ಬುಲ್ಡೋಜರ್ ಹೊಕ್ಕಿದ್ದವು. ಹುಡುಗರು ಯಾವ ಹಕ್ಕಿ ಅದ, ಯಾವ ಕೆರಿ ಅದ, ಅಣಬಿ ಆಕಾರದ ಬಂಡಿ ಎಲ್ಲಿ ಅದ ಅಂತ ಮೊದಲೇ ಬರೆದಿಟ್ಟಿದ್ದರು. ಅದನ್ನ ತೋರಿಸಿದರು. ಏಪ್ರಿಲ್ 3ಕ್ಕ ಸುಪ್ರೀಂ ಕೋರ್ಟ್ ಮರ ಕಡಿಯೋದು ನಿಲ್ಲಿಸಿತು. ಬರೆದಿಡದಿದ್ರ ಕೋರ್ಟಿಗೆ ಏನು ತೋರಸ್ತಿದ್ದರು?

ಪೆರ್ಲದವಳು: ಆ ಜಾಗ ನಕ್ಷೆಯಲ್ಲಿ ಬೆಲೆಬಾಳುವ ಭೂಮಿ ಅಂತ ಕಂಡದ್ದಕ್ಕೇ ಬುಲ್ಡೋಜರ್ ಬಂದದ್ದೂ ಕಾಕಾ. ಆ ನಕ್ಷೆ ಮಾಡುವವರಲ್ಲಿ ನನ್ನಂಥವಳೂ ಒಬ್ಬಳು. ಗವಿ ಹುಡುಕುವವರಲ್ಲಿ ಒಂದು ಹಳೆಯ ಕಟ್ಟು ಉಂಟು, ಹೊಸ ಗವಿಯ ಬಾಯಿ ಎಲ್ಲಿ ಅಂತ ಎಲ್ಲರಿಗೂ ಹೇಳಬಾರದು. ಸುಣ್ಣದ ಹೂವು ಮುರಿಯುವವರು, ಗೋಡೆಯಲ್ಲಿ ಹೆಸರು ಕೆತ್ತುವವರು, ಬಾವಲಿಯ ನಿದ್ದೆ ಕೆಡಿಸುವವರು, ಎಲ್ಲರೂ ಅದೇ ಗುರುತು ಹಿಡಿದೇ ಬರುವುದು. ಮಂಗಳದ ಸಾವಿರಕ್ಕೂ ಮೀರಿದ ಬಾಯಿಗಳ ಪಟ್ಟಿ, ಅಕ್ಷಾಂಶ ರೇಖಾಂಶ ಸಹಿತ, ಅಮೆರಿಕದ ಭೂಗರ್ಭ ಸರ್ವೆಯವರು ಬಹಿರಂಗವಾಗಿ ಇಟ್ಟಿದ್ದಾರೆ. ಅಲ್ಲಿಗೆ ಸದ್ಯ ಯಾರೂ ಹೋಗುವುದಿಲ್ಲ, ಹಾಗಾಗಿ ನನಗೆ ಅಡ್ಡಿ ಇಲ್ಲ. ಅಜ್ಜನ ಸುರಂಗದ ಪಟ್ಟಿ ಹಾಗೆ ಇಡಲಿಕ್ಕೆ ನಾನು ಬಿಡುವುದಿಲ್ಲ.

ಬೀದರಿನವರು: ಬಿಡಬ್ಯಾಡ. ಆದ್ರ ಸುರಂಗ ಎಷ್ಟು ಉದ್ದ ಅದ ಹೇಳು.

ಪೆರ್ಲದವಳು: ಅಳೆದಿಲ್ಲ.

ಬೀದರಿನವರು: ತೆಗೆದಾಂವ ಇದ್ದಾನೇನು?

ಪೆರ್ಲದವಳು: ಇದ್ದಾರೆ. ತುಂಬ ಪ್ರಾಯ ಆಯಿತು. ಈಗ ಎಲ್ಲರೂ ಬೋರ್‌ವೆಲ್ ಹಾಕಿಸುವುದು, ಸುರಂಗ ತೆಗೆಸುವವರಿಲ್ಲ.

ಬೀದರಿನವರು: ಬೋರ್‌ವೆಲ್ ಹಾಕಿಸಿದ ಪಾಪ ನನ್ನ ಕೈಗೂ ಅದ, ಇರಲಿ. ಮಂಗಳದ ಜೀನ್ 178 ಮೀಟರ್ ಅಂತ ನಿನಗ ಬಾಯಿಪಾಠ ಅದ, ನಿಮ್ಮಜ್ಜನ ಸುರಂಗ ಗೊತ್ತಿಲ್ಲ. ನಾ ನಿನಗ ಅಂತಿಲ್ಲ. ನನಗೂ ಝರಣಿ ನರಸಿಂಹನದು ‘ಸುಮಾರು’ ಅಂತನೇ ಗೊತ್ತು.

ಪೆರ್ಲದವಳು: ಊರಿಗೆ ಹೋದಾಗ ಟೇಪ್ ಹಿಡಿದು ಅಳೀತೇನೆ. ಪುಸ್ತಕದಲ್ಲಿ ಬರೀತೇನೆ. ನಕ್ಷೆಗೆ ಹಾಕುವುದಿಲ್ಲ.

ಬೀದರಿನವರು: ಪುಸ್ತಕ ಗೆದ್ದಲ ತಿಂದ್ರ?

ಪೆರ್ಲದವಳು: ನಕ್ಷೆಗೆ ಹಾಕಿದರೆ ಮನುಷ್ಯ ತಿಂತಾನೆ.

ನನಗೆ ಇಬ್ಬರಲ್ಲಿ ಯಾರ ಪಕ್ಷವೂ ಪೂರ್ತಿ ಹಿಡಿಯಲಾಗಲಿಲ್ಲ. ಮಂಗಳದ ತೂತನ್ನು ಗವಿ ಎನ್ನಲು ಅವಳಿಗಿರುವ ಅಳುಕು ನನಗೆ ಸರಿ ಕಾಣುತ್ತದೆ. ಬಾಯಿ ಬರೆದಿಟ್ಟವನು ಇಲ್ಲದೆ ಗವಿ ಹೊಗುವವನು ಬರಲಾರ ಎಂಬ ಅವರ ಮಾತೂ ಬೇಲಂನ ಮಟ್ಟಿಗೆ ನಿಜವೇ. ಓದುಗರಲ್ಲಿ ಒಂದು ಕೇಳಿಕೆ ಮಾತ್ರ. ನಿಮ್ಮ ತೋಟದಲ್ಲಿ ಸುರಂಗ, ಗುಡ್ಡದಲ್ಲಿ ಗವಿ, ಹೊಲದಲ್ಲಿ ಹಳೆಯ ಕಾರೇಜಿನ ಬಾವಿ ಇದ್ದರೆ, ಬಲ್ಲ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಬಾಯಿ ಎಲ್ಲಿದೆ, ಒಳಗೆ ಎಷ್ಟು ದೂರ ಹೋಗಬಹುದು, ದೀಪ ಎಲ್ಲಿ ಮಂಕಾಗುತ್ತದೆ, ನೀರು ಯಾವ ತಿಂಗಳಲ್ಲಿ ನಿಲ್ಲುತ್ತದೆ, ಇಷ್ಟಿದ್ದರೆ ಸಾಕು. ಒಬ್ಬರೇ ಒಳಗೆ ಇಳಿಯಬೇಡಿ. ಬರೆದ ಹಾಳೆಯನ್ನು ಯಾರಿಗೆ ತೋರಿಸಬೇಕು ಎಂಬ ಬಗ್ಗೆ ಇವರಿಬ್ಬರ ಜಗಳ ಇನ್ನೂ ನಡೆದಿದೆ.